ಅಡಮಾನದೊಳಗಿನ ಮಾನ

ಮಂಗಳವಾರ ಸಂಜೆ ಆರರಿಂದ ಏಳೂವರೆಯವರೆಗೆ ನಮ್ಮ ಮನೆಯ ಜಗಲಿ ನನ್ನದಲ್ಲ. ಹದಿನಾಲ್ಕು ಮಂದಿ ಹೆಂಗಸರು ಬಂದು ಚಾಪೆ ಹಾಸಿಕೊಂಡು ಕೂರುತ್ತಾರೆ. ನಾನು ನನ್ನ ಪೇಪರು, ಕನ್ನಡಕ ಮತ್ತು ಅಭಿಪ್ರಾಯಗಳ ಸಮೇತ ಒಳಗೆ ಎದ್ದು ಹೋಗಬೇಕು. ಮೊದಲು ಒಂದು ದೇವರನಾಮ, ಆಮೇಲೆ ಹಾಜರಿ, ಆಮೇಲೆ ಉಳಿತಾಯ. ಒಬ್ಬೊಬ್ಬರೇ ಸೆರಗಿನ ಗಂಟು ಬಿಚ್ಚಿ ನೂರರ ನೋಟು ತೆಗೆದು ನಡುವೆ ಇಟ್ಟಿರುವ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾರೆ. ಡೇರಿ ಬಟವಾಡೆಯ ಗರಿಗರಿ ನೋಟು, ಹೂ ಮಾರಿ ಬಂದ ಒದ್ದೆ ನೋಟು, ಎಂಟು ಮಡಿಕೆ ಮಡಿಸಿ ಸಾಸಿವೆ ಡಬ್ಬಿಯಲ್ಲಿ ಗಂಡನಿಂದ ತಲೆಮರೆಸಿಕೊಂಡಿದ್ದ ನೋಟು. ನೋಟಿನ ವಾಸನೆ ನೋಡಿಯೇ ಯಾರದೆಂದು ಹೇಳಬಹುದು. ಲೆಕ್ಕ ಬರೆಯುವ ಹುಡುಗಿ ಪಿಯುಸಿ ಓದಿದವಳು. ನಾನು ಎಂ.ಎ. ಮಾಡಿದವನು. ಆದರೂ ಆ ಚಾಪೆಯ ಮೇಲೆ ನಾನು ಲೆಕ್ಕಕ್ಕಿಲ್ಲ.

ಒಮ್ಮೆ ತಡೆಯಲಾರದೆ ಕಿಟಕಿಯಿಂದಲೇ "ಬಡ್ಡಿ ತಪ್ಪು ಹಾಕ್ತಿದೀರಲ್ಲ" ಅಂದೆ. ನಮ್ಮ ಚಿಕ್ಕವ್ವ ತಲೆ ಎತ್ತದೆ, "ನೀನು ಸೊಸೈಟಿಗೆ ಕಟ್ದೆ ಬಿಟ್ಟಿದ್ದೀಯಲ್ಲಪ್ಪ, ಅದರ ಬಡ್ಡಿ ಹಾಕ್ಕಂಡು ಬಾ ಮೊದ್ಲು" ಅಂದಳು. ಹದಿನಾಲ್ಕು ಮಂದಿ ಒಟ್ಟಿಗೆ ನಕ್ಕರು. ಅಂದಿನಿಂದ ಕಿಟಕಿ ಮುಚ್ಚಿದ್ದೇನೆ, ಕಿವಿ ಮುಚ್ಚಿಲ್ಲ. ಈ ಬರಹ ಆ ಕಿವಿಯ ಸಂಪಾದನೆ.

ಕನ್ನಡದಲ್ಲಿ ಅಡಮಾನ ಎಂಬ ಒಂದು ಪದವಿದೆ. ಪಹಣಿ, ಮನೆಪತ್ರ, ಬಂಗಾರ ಇದ್ದವರು ಅದನ್ನು ಅಡ ಇಡುತ್ತಾರೆ. ಮೂರೂ ಇಲ್ಲದವರ ಹತ್ತಿರ ಆ ಪದದ ಕೊನೆಯ ಎರಡಕ್ಷರ ಮಾತ್ರ ಉಳಿದಿರುತ್ತದೆ. ನಿಘಂಟುಕಾರರು ನನ್ನ ಈ ಬಿಡಿಸುವಿಕೆಯನ್ನು ಒಪ್ಪಲಿಕ್ಕಿಲ್ಲ, ಸಾಲ ಕೊಡುವವರು ಯಾವತ್ತೋ ಒಪ್ಪಿದ್ದಾರೆ. ನಮ್ಮ ಬ್ಯಾಂಕುಗಳು 1969ರಲ್ಲಿ ರಾಷ್ಟ್ರೀಕರಣಗೊಂಡು, ಬಡವರಿಗಾಗಿಯೇ ಬಾಗಿಲು ತೆರೆದಿದ್ದೇವೆಂದು ಬೋರ್ಡು ಹಾಕಿಕೊಂಡರೂ, ಹಳ್ಳಿಯ ಹೆಂಗಸಿನ ಮುಂದೆ "ಆಧಾರ ಏನಿದೆ?" ಎಂಬ ಪ್ರಶ್ನೆಗೇ ನಿಂತುಹೋದವು. ಆಧಾರ ಅವಳ ಪಕ್ಕದ ಮನೆಯಾಕೆಯೇ ಎಂದು ಗೊತ್ತಾಗಲು ಇಪ್ಪತ್ತಮೂರು ವರ್ಷ ಹಿಡಿಯಿತು. 1992ರಲ್ಲಿ ನಬಾರ್ಡ್ ಐನೂರು ಸ್ವಸಹಾಯ ಗುಂಪುಗಳನ್ನು ಪ್ರಯೋಗಕ್ಕೆಂದು ಬ್ಯಾಂಕುಗಳ ಜತೆ ಜೋಡಿಸಿತು. ಹೆಂಗಸರು ಕಟ್ಟಿದರು. ಬ್ಯಾಂಕಿನವರಿಗೆ ಆದ ಆಶ್ಚರ್ಯ ಇನ್ನೂ ಪೂರ್ತಿ ಇಳಿದಿಲ್ಲ.

ಹಾಗೆ ನೋಡಿದರೆ ಸಾಲದ ಸಂಘ ನಮಗೆ ಹೊಸದಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಈ ದೇಶದ ಮೊದಲ ಅಂಥ ಸಂಘ ಅದು ಎಂದು ಈಗಲೂ ಎದೆ ಉಬ್ಬಿಸಿ ಹೇಳಿಕೊಳ್ಳುತ್ತೇವೆ. ಪಾಟೀಲರು ಕಟ್ಟಿದ್ದು ಸಾಹುಕಾರನಿಂದ ರೈತನನ್ನು ಬಿಡಿಸುವುದಕ್ಕೆ. ನಂತರ ಬಂದ ನಾವು ಗಂಡಸರು ಅದೇ ಮಾದರಿಯನ್ನು ಊರೂರಿಗೂ ಒಯ್ದು, ಒಬ್ಬ ಸಾಹುಕಾರನ ಜಾಗದಲ್ಲಿ ಹದಿಮೂರು ಮಂದಿ ನಿರ್ದೇಶಕರನ್ನು ಕೂರಿಸಿದೆವು. ನಮ್ಮೂರ ಸೊಸೈಟಿಯ ಎಲೆಕ್ಷನ್ನಿನಲ್ಲಿ ಮೂರು ದಿನ ಬಾಡೂಟ ನಡೆಯುತ್ತದೆ. ಮತದಾರರನ್ನು ಟೆಂಪೋದಲ್ಲಿ ಪ್ರವಾಸ ಕರೆದೊಯ್ದು, ಮತದಾನದ ಬೆಳಿಗ್ಗೆ ನೇರ ಬೂತಿಗೆ ತಂದು ಇಳಿಸುತ್ತಾರೆ. ಗೆದ್ದವರು ಗೊಬ್ಬರದ ಚೀಲ ಹಂಚುವ ಅಧಿಕಾರಕ್ಕಾಗಿ ಇಷ್ಟೆಲ್ಲ ಮಾಡುತ್ತಾರೆ ಎಂದು ನಂಬುವಷ್ಟು ಒಳ್ಳೆಯವರು ನಾವು.

ಸಂಘವೆಂದರೆ ಹೀಗೇ ಆಗುತ್ತದೆ ಎಂದು ಮೊದಲು ಅರ್ಥ ಮಾಡಿಕೊಂಡವರು ಸಾಲ ತೆಗೆದುಕೊಂಡವರೇ. ಎಂಬತ್ತರ ದಶಕದ ನಡುವೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ಬೆಂಬಲದಲ್ಲಿ ನಡೆಯುತ್ತಿದ್ದ ದೊಡ್ಡ ಸಹಕಾರ ಸಂಘಗಳು ಒಡೆದುಹೋದವು. ಸಾಲಗಾರರು ಸಂಸ್ಥೆಯ ಹತ್ತಿರ ಬಂದು, ದುಡ್ಡು ಕೊಡುತ್ತೇವೆ, ಆದರೆ ಸಂಘದ ಮುಖಂಡರ ಕೈಗೆ ಕೊಡುವುದಿಲ್ಲ ಎಂದರು. ಸಾಲ ತೀರಿಸುತ್ತೇನೆಂದು ಹಟ ಹಿಡಿದು ಕೂತ ಜನವನ್ನು ಯಾವ ಸಹಕಾರ ಇಲಾಖೆಯೂ ಅದುವರೆಗೆ ಕಂಡಿರಲಿಲ್ಲ. ಸಂಸ್ಥೆಗೂ ಆ ಹಣ ಬೇಡವಾಗಿತ್ತು. ಹಾಗಾದರೆ ಒಬ್ಬರನ್ನೊಬ್ಬರು ಬಲ್ಲ ಹತ್ತಿಪ್ಪತ್ತು ಮಂದಿ ಸೇರಿ ನಿಮ್ಮಲ್ಲೇ ಇಟ್ಟುಕೊಂಡು ನಿಮ್ಮೊಳಗೇ ಕೊಟ್ಟು ತಗೊಳ್ಳಿ ಎಂದು ಬಿಟ್ಟುಕೊಟ್ಟರು. ನಬಾರ್ಡ್, ಬ್ಯಾಂಕು, 2000-01ರಲ್ಲಿ ಬಂದ ನಮ್ಮ ಸರ್ಕಾರದ ಸ್ತ್ರೀಶಕ್ತಿ ಯೋಜನೆ, ಈಗಿನ ಸಂಜೀವಿನಿ, ಎಲ್ಲ ಅದರ ಆಮೇಲಿನ ಸಂಸಾರ. ಮುಖಂಡರ ಮೇಲಿನ ಅಪನಂಬಿಕೆಯಿಂದ ಹುಟ್ಟಿದ ಕೂಸನ್ನು ಈಗ ಎಲ್ಲ ಪಕ್ಷದ ಮುಖಂಡರೂ ತಮ್ಮದೇ ಮಗು ಎಂದು ಎತ್ತಿ ಆಡಿಸುತ್ತಾರೆ.

ಚಾಪೆಯ ಮೇಲೆ ಸಾಲ ಮಂಜೂರಾಗುವುದನ್ನು ಒಮ್ಮೆ ಕೇಳಬೇಕು. ಹೋದ ಬೇಸಿಗೆಯ ಒಂದು ಮಂಗಳವಾರ ಡಬ್ಬಿಯಲ್ಲಿ ಇದ್ದದ್ದು 11,400 ರೂಪಾಯಿ, ಅರ್ಜಿ ಮೂರು. ಒಬ್ಬಳಿಗೆ ಕೊಳವೆಬಾವಿಯ ಮೋಟಾರು ಸುಟ್ಟು ವೈಂಡಿಂಗ್ ಮಾಡಿಸಬೇಕು. ಇನ್ನೊಬ್ಬಳಿಗೆ ಮಗಳ ಬಾಣಂತನ. ಮತ್ತೊಬ್ಬಳಿಗೆ ಬೀಗರೂಟ. ಒಂದು ಕ್ಷಣ ಮೌನ. ಚಿಕ್ಕವ್ವ ಎಲೆಗೆ ಸುಣ್ಣ ಸವರುತ್ತ ತೀರ್ಪು ಕೊಟ್ಟಳು: "ಬಾಣಂತನಕ್ಕೆ ಇನ್ನೂ ಎಲ್ಡು ತಿಂಗ್ಳು ಐತೆ. ಮೋಟ್ರು ಇವತ್ತೇ ಸುಟ್ಟೈತೆ, ನಾಳಿಕ್ಕೆ ಟೊಮೇಟೊ ಒಣಗ್ತದೆ. ಬೀಗರು ಏನು, ಯಾವಾಗ ಕರೆದ್ರೂ ಬಂದು ಉಣ್ತಾರೆ." ಮೋಟಾರಿಗೆ ಆರು ಸಾವಿರ, ಬಾಣಂತನಕ್ಕೆ ಮುಂಗಡ ಮೂರು, ಬೀಗರಿಗೆ ಮುಂದಿನ ತಿಂಗಳು. ಎಂಟು ನಿಮಿಷ. ಬಡ್ಡಿ ನೂರಕ್ಕೆ ಎರಡು ರೂಪಾಯಿ. ವರ್ಷಕ್ಕೆ ಶೇ. 24 ಆಯಿತಲ್ಲ, ಇದು ಶೋಷಣೆ ಅಲ್ಲವೇ ಎಂದು ಪಟ್ಟಣದಿಂದ ಬಂದ ನನ್ನ ಸ್ನೇಹಿತನೊಬ್ಬ ಮರುಗಿದ. ಆ ಬಡ್ಡಿ ಬೀಳುವುದು ಅದೇ ಡಬ್ಬಿಗೆ, ವರ್ಷದ ಕೊನೆಗೆ ಕಟ್ಟಿದವಳಿಗೂ ಅದರಲ್ಲಿ ಪಾಲಿದೆ ಎಂದು ವಿವರಿಸಿದೆ. ಅರ್ಥವಾಗಲಿಲ್ಲ. ಅವನು ಬ್ಯಾಂಕಿನಲ್ಲಿ ಮ್ಯಾನೇಜರು.

ಇಷ್ಟು ಚೆನ್ನಾಗಿ ನಡೆಯುವ ಒಂದು ವಸ್ತುವನ್ನು ಸರ್ಕಾರ ಸುಮ್ಮನೆ ಬಿಡುವುದುಂಟೆ? ಮೊದಲು ಪಂಚಸೂತ್ರ ಬಂತು: ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲ ಮರುಪಾವತಿ, ಲೆಕ್ಕಪತ್ರ. ಹೆಂಗಸರು ಐದನ್ನೂ ಪಾಲಿಸಿದರು. ಪಾಲಿಸುವವರು ಸಿಕ್ಕಿದ ಮೇಲೆ ಸೂತ್ರಕ್ಕೇನು ಬರ, ಅದು ದಶಸೂತ್ರವಾಯಿತು. ಆರೋಗ್ಯ, ಶಿಕ್ಷಣ, ಪಂಚಾಯ್ತಿ ಸಭೆಗೆ ಹೋಗುವುದು, ಸರ್ಕಾರಿ ಸೌಲಭ್ಯ ತಲುಪಿಸುವುದು, ಜೀವನೋಪಾಯ, ಎಲ್ಲವೂ ಅವರದೇ ಹೆಗಲಿಗೆ. ಉಳಿದ ಇಲಾಖೆಗಳಿಗೆ ಯಾವ ಸೂತ್ರವೂ ಇಲ್ಲ, ಅವಕ್ಕೆ ಸೂತ್ರಧಾರರಷ್ಟೇ. ಆಮೇಲೆ ಸಖಿಯರ ಮಳೆ: ಕೃಷಿ ಸಖಿ, ಪಶು ಸಖಿ, ಬ್ಯಾಂಕಿನ ಕೆಲಸಕ್ಕೆ ಬಿ.ಸಿ. ಸಖಿ. ಇದರ ಗುಟ್ಟು ನನಗೆ ತಡವಾಗಿ ಹೊಳೆಯಿತು. ಸಂಬಳ ಕೊಡಬೇಕಾದರೆ ಆಕೆ ನೌಕರಳು. ಗೌರವಧನ ಕೊಟ್ಟು ಮುಗಿಸಬೇಕಾದರೆ ಸಖಿ. ಹಸುವಿಗೆ ಕೆಚ್ಚಲು ಬಾವು ಬಂದರೆ ರಾತ್ರಿ ಹನ್ನೊಂದಕ್ಕೆ ಪಶು ಸಖಿಯ ಬಾಗಿಲು ಬಡಿಯುತ್ತೇವೆ. ಸಖಿ ತಾನೇ, ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ಸಮಾವೇಶ. ಮಂತ್ರಿಗಳು ಜಿಲ್ಲೆಗೆ ಬಂದರೆ ಮೈದಾನ ತುಂಬಬೇಕು, ಮೈದಾನ ತುಂಬಲು ಸಂಘ ಬೇಕು. ಬೆಳಿಗ್ಗೆ ಏಳಕ್ಕೆ ಬಸ್ಸು, ಒಂಬತ್ತಕ್ಕೆ ತಣ್ಣನೆ ಉಪ್ಪಿಟ್ಟು, ಮಧ್ಯಾಹ್ನ ಎರಡಕ್ಕೆ ಮಂತ್ರಿಗಳು, ಮೂರಕ್ಕೆ "ಮಹಿಳೆಯರು ಸಬಲರಾಗಬೇಕು" ಎಂಬ ಭಾಷಣ. ಅಷ್ಟು ಹೊತ್ತು ಬಿಸಿಲಲ್ಲಿ ನೀರಿಲ್ಲದೆ ಕೂತವರಿಗಿಂತ ಸಬಲರು ಆ ವೇದಿಕೆಯ ಮೇಲೆ ಒಬ್ಬರೂ ಇರಲಿಲ್ಲ ಎಂದು ಹೋಗಿ ಬಂದವರು ಹೇಳಿದರು. ಬಸ್ಸಿಗೆ ಬರದ ಸದಸ್ಯೆಗೆ ದಂಡ ಹಾಕಬೇಕೋ ಬೇಡವೋ ಎಂದು ಮುಂದಿನ ಮಂಗಳವಾರ ಚರ್ಚೆಯಾಯಿತು. ಬರದವಳು ಹೇಳಿದಳು: "ಮಂತ್ರಿ ಮೂರು ಗಂಟೆ ತಡ ಮಾಡವ್ನೆ, ಮೊದ್ಲು ಅವನ ದಂಡ ಬರ್ಕಳಿ." ನಡವಳಿ ಪುಸ್ತಕದಲ್ಲಿ ಇದು ದಾಖಲಾಗಿಲ್ಲ. ನಡವಳಿ ಪುಸ್ತಕಕ್ಕೆ ಆಡಿಟ್ ಇದೆ.

ಪುಸ್ತಕದ ಮಾತು ಬಂದದ್ದಕ್ಕೆ ಹೇಳಬೇಕು. ಹೊರಗಿನಿಂದ ಬರುವ ಸಾಲದ ಅರ್ಜಿಯಲ್ಲಿ 'ಉದ್ದೇಶ' ಎಂಬ ಒಂದು ಕಾಲಂ ಇರುತ್ತದೆ. ಕನ್ನಡ ಕಥಾಸಾಹಿತ್ಯದ ಅತ್ಯುತ್ತಮ ಕಲ್ಪನೆ ಈಗ ಅರಳುತ್ತಿರುವುದು ಅಲ್ಲೇ. ಆಸ್ಪತ್ರೆ, ಫೀಸು, ತಿಥಿ, ಹಳೆಯ ಸಾಲದ ಕಂತು ಎಂದು ನಿಜ ಬರೆದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಆದ್ದರಿಂದ ಎಲ್ಲರೂ ಹಸು ಬರೆಯುತ್ತಾರೆ. ಆ ಅರ್ಜಿಗಳಲ್ಲಿರುವ ಹಸುಗಳೆಲ್ಲ ಒಂದು ಬೆಳಿಗ್ಗೆ ಎದ್ದು ಬಂದು ಹಾಲು ಕರೆದರೆ ನಮ್ಮ ಕೆರೆ ಕೋಡಿ ಬೀಳುತ್ತದೆ. ಒಂದು ಸಲ ಹಸುವಿನ ಜತೆ ಸಾಲಗಾರ್ತಿಯ ಫೋಟೋ ಬೇಕೆಂದು ಮೇಲಿನಿಂದ ಆದೇಶ ಬಂತು. ಊರಿನ ಆ ಕೇರಿಯಲ್ಲಿ ನೋಡಲು ಚಂದವಿದ್ದದ್ದು ಒಂದೇ ಸೀಮೆಹಸು. ಅದನ್ನು ಬೆಳಿಗ್ಗೆ ಮನೆಯಿಂದ ಮನೆಗೆ ಹೊಡೆದುಕೊಂಡು ಹೋಗಿ, ಪ್ರತಿ ಬಾಗಿಲಲ್ಲೂ ಕುಂಕುಮ ಇಟ್ಟು ನಿಲ್ಲಿಸಿದರು. ಐದನೆಯ ಮನೆಯ ಹೊತ್ತಿಗೆ ಅದಕ್ಕೆ ಅಭ್ಯಾಸವಾಗಿ, ಫೋನು ಎತ್ತಿದ ಕೂಡಲೇ ಮುಖ ತಿರುಗಿಸಿ ನಿಲ್ಲುತ್ತಿತ್ತು. ಆರನೆಯ ಮನೆಯಲ್ಲಿ ಸಗಣಿ ಹಾಕಿತು. ಆ ಮನೆಯಾಕೆ, ಬಂದದ್ದರಲ್ಲಿ ಇದಾದರೂ ಉಳಿಯಿತಲ್ಲ ಎಂದು ಬಾಚಿ ಎತ್ತಿಟ್ಟುಕೊಂಡಳು.

ಇದುವರೆಗೆ ಹೇಳಿದ್ದು ಚಿಕ್ಕವ್ವನ ಭಾಷೆಯಲ್ಲಿ 'ನಮ್ ಸಂಘ'. ಇನ್ನೊಂದು ಇದೆ: 'ಅವರ ಸಂಘ'. ಇದು ಫೈನಾನ್ಸ್ ಕಂಪನಿಯ ಗುಂಪು. ಕಂಪನಿಯವರು ನಮ್ಮ ಹೆಂಗಸರಿಂದ ಚಾಪೆ ತೆಗೆದುಕೊಂಡರು, ಹತ್ತು ಮಂದಿಯ ವೃತ್ತ ತೆಗೆದುಕೊಂಡರು, ಹಾಜರಿ ತೆಗೆದುಕೊಂಡರು, ಕೊನೆಗೆ ಸಂಘ ಎಂಬ ಹೆಸರನ್ನೂ ತೆಗೆದುಕೊಂಡರು. ಡಬ್ಬಿಯನ್ನು ಮಾತ್ರ ಬಿಟ್ಟುಬಂದರು. 2006ರಲ್ಲಿ ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ ಅವರಿಗೂ ಅವರ ಗ್ರಾಮೀಣ ಬ್ಯಾಂಕಿಗೂ ಶಾಂತಿಯ ನೊಬೆಲ್ ಬಂದಾಗ ಬಡವರ ಸಾಲ ಪುಣ್ಯದ ಕೆಲಸವಾಗಿತ್ತು. 2010ರಲ್ಲಿ ಹೈದರಾಬಾದಿನ ಕಿರುಸಾಲ ಕಂಪನಿಯೊಂದು ಷೇರುಪೇಟೆಗೆ ಇಳಿದಾಗ ಅದು ಪುಷ್ಕಳ ಕೆಲಸವೂ ಆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆಂಧ್ರ ಸರ್ಕಾರ ವಸೂಲಿಯ ಕಾಟ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಅದಕ್ಕೂ ಒಂದು ವರ್ಷ ಮೊದಲೇ ಕೋಲಾರ, ಶಿಡ್ಲಘಟ್ಟ, ರಾಮನಗರದ ರೇಷ್ಮೆ ಕೇರಿಗಳಲ್ಲಿ ಜನ ಕಂತು ಕಟ್ಟುವುದಿಲ್ಲವೆಂದು ಕೂತಿದ್ದರು. ಶಾಂತಿಯಿಂದ ಸುಗ್ರೀವಾಜ್ಞೆಗೆ ನಾಲ್ಕೇ ವರ್ಷದ ದಾರಿ.

ನಮ್ಮೂರಲ್ಲಿ ಈಗ ವಾರಗಳ ಹೆಸರೇ ಬದಲಾಗಿದೆ. ಸೋಮವಾರ ಬೆಳಿಗ್ಗೆ ಅಂಗನವಾಡಿ ಮುಂದೆ ಒಂದು ಕಂಪನಿ, ಬುಧವಾರ ಮಾರಮ್ಮನ ಗುಡಿ ಮುಂದೆ ಇನ್ನೊಂದು, ಗುರುವಾರ ಅರಳಿಕಟ್ಟೆಯಲ್ಲಿ ಮತ್ತೊಂದು. ಪಂಚಾಂಗದವರು ರಾಹುಕಾಲ ಮಾತ್ರ ಅಚ್ಚು ಹಾಕುತ್ತಾರೆ. ಪಕ್ಕದ ಬೀದಿಯ ಒಬ್ಬಾಕೆಯ ಲೆಕ್ಕ ನನಗೆ ಬಾಯಿಪಾಠ: ಸೋಮವಾರ 640, ಬುಧವಾರ 560, ಗುರುವಾರ 710. ವಾರಕ್ಕೆ 1,910. ಗುರುವಾರದ ಸಾಲ ತೆಗೆದದ್ದು ಸೋಮವಾರದ ಕಂತಿಗೆ. ರಿಸರ್ವ್ ಬ್ಯಾಂಕು ಇದೆಲ್ಲ ಗೊತ್ತಿಲ್ಲದಷ್ಟು ಮುಗ್ಧವಲ್ಲ. 2022ರ ನಿಯಮದ ಪ್ರಕಾರ ವರ್ಷಕ್ಕೆ 3 ಲಕ್ಷದೊಳಗೆ ಆದಾಯವಿರುವ ಕುಟುಂಬಕ್ಕೆ ಕೊಡುವುದು ಕಿರುಸಾಲ. ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಕೂಡದು. ಬಡ್ಡಿ ಎಷ್ಟೆಂದು ಮಾತ್ರ ಕಂಪನಿಯ ಆಡಳಿತ ಮಂಡಳಿಯೇ ತೀರ್ಮಾನಿಸಬಹುದು. ಬೆಕ್ಕು ತನ್ನ ಹಾಲಿನ ಅಳತೆಯನ್ನು ತಾನೇ ನಿರ್ಧರಿಸಲಿ, ಅತಿ ಮಾಡದಿರಲಿ ಎಂಬ ಸದಾಶಯ.

ಆದಾಯ ಗೊತ್ತು ಮಾಡುವ ಶಾಸ್ತ್ರ ನಾನೇ ಕಂಡದ್ದು. ಫೀಲ್ಡ್ ಆಫೀಸರ್ ಹುಡುಗ ಬಾಗಿಲಲ್ಲಿ ನಿಂತು ಕೇಳಿದ: "ತಿಂಗಳಿಗೆ ಮನೆಗೆ ಎಷ್ಟು ಬರ್ತದಮ್ಮಾ?" ಆಕೆ ಅಂದಳು: "ಬಂದ್ ತಿಂಗ್ಳು ಬತ್ತದೆ, ಇಲ್ದಿದ್ ತಿಂಗ್ಳು ಇಲ್ಲ." ಹುಡುಗ ಅದನ್ನು 'ಹದಿನಾರು ಸಾವಿರ' ಎಂದು ಅನುವಾದಿಸಿ ಟ್ಯಾಬಿನಲ್ಲಿ ಒತ್ತಿದ. ಹದಿನೈದು ಎಂದರೆ ಅವಳ ಕಂತು ಅರ್ಧ ಮೀರುತ್ತಿತ್ತು. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಪಕ್ಕದ ತಾಲ್ಲೂಕಿನವನು, ಡಿಗ್ರಿ ಮಾಡಿದವನು, ಟಾರ್ಗೆಟ್ ಮುಟ್ಟದಿದ್ದರೆ ಸಂಬಳ ಮುಟ್ಟುವುದಿಲ್ಲ. ಅವನು ಹತ್ತಿ ಬರುವ ಬೈಕೂ ಕಂತಿನದೇ.

ಕಂತು ತಪ್ಪಿದ ದಿನ ಅಡಮಾನದ ಆ ಕೊನೆಯ ಎರಡಕ್ಷರ ಕೆಲಸಕ್ಕೆ ಬರುತ್ತದೆ. ಸಂಜೆ ಆರರ ಮೇಲೆ, ಬೆಳಿಗ್ಗೆ ಒಂಬತ್ತರ ಮೊದಲು ಸಾಲಗಾರರಿಗೆ ಫೋನು ಮಾಡಿ ಕಾಡಬಾರದು ಎಂದು ರಿಸರ್ವ್ ಬ್ಯಾಂಕಿನ ಅದೇ ನಿಯಮ ಹೇಳುತ್ತದೆ. ಹುಡುಗ ಫೋನು ಮಾಡುವುದೇ ಇಲ್ಲ. ಅವನು ಅರಳಿಕಟ್ಟೆಯ ಮೇಲೆ ಕೂತು, ಉಳಿದ ಒಂಬತ್ತು ಮಂದಿಗೆ "ಅವರದು ಬರೋ ತನಕ ಯಾರೂ ಏಳಂಗಿಲ್ಲ" ಎನ್ನುತ್ತಾನೆ, ಅಷ್ಟೇ. ಒಲೆಯ ಮೇಲೆ ಅನ್ನ ಇಟ್ಟು ಬಂದವಳು, ಕೂಲಿಗೆ ಹೊತ್ತಾದವಳು, ಮೊಲೆ ಉಣ್ಣುವ ಕೂಸು ಬಿಟ್ಟು ಬಂದವಳು, ಎಲ್ಲರೂ ಎದ್ದು ಒಬ್ಬಳ ಹೊಸ್ತಿಲಿಗೆ ಹೋಗಿ ಕೂರುತ್ತಾರೆ. ಅಲ್ಲಿ ಆಡುವ ಮಾತು ಬರೆಯುವಂಥದ್ದಲ್ಲ. ನೆರೆಹೊರೆಯವರು ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಬೈಯಬಹುದೆಂದು ರಿಸರ್ವ್ ಬ್ಯಾಂಕು ಇನ್ನೂ ಗೊತ್ತುಮಾಡಿಲ್ಲ. ಬ್ಯಾಂಕುಗಳಿಗೆ ಸಾವಿರಾರು ಕೋಟಿ ಬಾಕಿ ಉಳಿಸಿ 2016ರ ಮಾರ್ಚಿನಲ್ಲಿ ಲಂಡನ್ನಿಗೆ ಹಾರಿದ ನಮ್ಮದೇ ರಾಜ್ಯದ ಉದ್ಯಮಿಯ ಹೊಸ್ತಿಲ ಮೇಲೆ ಒಂಬತ್ತು ಮಂದಿ ಉದ್ಯಮಿಗಳನ್ನು ಕೂರಿಸುವ ಯೋಚನೆ ಯಾರಿಗೂ ಹೊಳೆಯಲಿಲ್ಲ. ಪಾಪ, ಅವರ ಕೇರಿಯಲ್ಲಿ ಹೊಸ್ತಿಲು ಎತ್ತರ.

2025ರ ಜನವರಿಯಲ್ಲಿ ಚಾಮರಾಜನಗರದ ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಹಾವೇರಿ ಜಿಲ್ಲೆಯ ಹೆಂಗಸರು ಮಾಂಗಲ್ಯವನ್ನೇ ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿದರು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು: ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನೋಂದಣಿಯಿಲ್ಲದವರು ದುರ್ಬಲರಿಗೆ ಕೊಟ್ಟ ಸಾಲ ತೀರಿದಂತೆಯೇ. ರಾಜ್ಯಪಾಲರು ಮೊದಲು ಶಿಕ್ಷೆ ಜಾಸ್ತಿಯಾಯಿತೆಂದು ಹಿಂದಕ್ಕೆ ಕಳಿಸಿ, ಆಮೇಲೆ ಸಹಿ ಹಾಕಿದರು. ಪೇಪರು ಓದಿ ಹೇಳಿದಾಗ ಚಿಕ್ಕವ್ವ ಕೇಳಿದ್ದು ಒಂದೇ: "ಜೈಲಿಗೆ ಹಾಕೋದು ಕಂಪ್ನಿಯೋರನ್ನೋ, ಹೊಸ್ತ್ಲು ಮ್ಯಾಗೆ ಕೂತ ನಮ್ಮನ್ನೋ?" ಸುಗ್ರೀವಾಜ್ಞೆ ಬರೆದವರಿಗಿಂತ ಚುರುಕಾಗಿ ಅದನ್ನು ಓದಿದವಳು ಹೆಬ್ಬೆಟ್ಟಿನವಳು.

ಇಷ್ಟೆಲ್ಲ ನಡೆಯುವಾಗ ಗಂಡಸರು ಎಲ್ಲಿರುತ್ತಾರೆ ಎಂದು ಕೇಳಬಾರದು. ಇರುತ್ತೇವೆ. ಸಾಲ ಹೆಂಡತಿಯ ಹೆಸರಲ್ಲಿ, ಬೈಕಿನ ಆರ್‌ಸಿ ನಮ್ಮ ಹೆಸರಲ್ಲಿ. ಫಾರಂನಲ್ಲಿ ನಾವು ನಾಮಿನಿ. 2018ರಲ್ಲಿ ಬೆಳೆಸಾಲ ಮನ್ನಾ ಆದಾಗ ಪಟ್ಟಿಯಲ್ಲಿ ನಮ್ಮ ಹೆಸರು ಹುಡುಕಿ ಊರಿಗೆಲ್ಲ ಕಾಫಿ ಕೊಡಿಸಿದೆವು. ನಮ್ಮ ಜಗಲಿಯ ಹದಿನಾಲ್ಕು ಮಂದಿಯ ಸಾಲ ಆ ಪಟ್ಟಿಯಲ್ಲಿರಲಿಲ್ಲ. ಕಟ್ಟುವವರ ಸಾಲ ಮನ್ನಾ ಮಾಡಿದರೆ ಕಟ್ಟುವವರು ಯಾರು ಉಳಿಯುತ್ತಾರೆ? ಫೀಲ್ಡ್ ಹುಡುಗ ಬಂದ ಬೆಳಿಗ್ಗೆ ನಮಗೆ ಹೊಲದಲ್ಲಿ ತುರ್ತು ಕೆಲಸ ಬರುತ್ತದೆ. ವರ್ಷದಲ್ಲಿ ನಾವು ಹೊಲಕ್ಕೆ ಹೋಗುವ ಐವತ್ತೆರಡು ದಿನ ಅವು.

ನನ್ನದನ್ನೂ ಹೇಳಿಬಿಡುತ್ತೇನೆ. ಈ ಲೇಖನ ಟೈಪು ಮಾಡುತ್ತಿರುವ ಲ್ಯಾಪ್‌ಟಾಪು ನನ್ನ ಹೆಂಡತಿಯ ಹೆಸರಲ್ಲಿ, ಸಂಘದ ಮೂಲಕ ಬಂದ ಬ್ಯಾಂಕಿನ ಸಾಲ. ನಲವತ್ತು ಸಾವಿರ. ಉದ್ದೇಶದ ಕಾಲಂನಲ್ಲಿ 'ಕುರಿ ಸಾಕಾಣಿಕೆ' ಎಂದಿದೆ. ಬರೆದು ಸಂಪಾದಿಸಿ ಕಂತು ಕಟ್ಟುತ್ತೇನೆಂದು ಮಾತು ಕೊಟ್ಟಿದ್ದೆ. ಅಂಕಣಕ್ಕೆ ಸಂಭಾವನೆ ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಂಬುದನ್ನು ಸಂಪಾದಕರ ಮೇಲಿನ ಗೌರವದಿಂದ ಇಲ್ಲಿ ಬರೆಯುವುದಿಲ್ಲ. ಕಂತು ಹೋಗುತ್ತಿರುವುದು ಅವಳ ಹೊಲಿಗೆ ಮಿಷನ್ನಿನಿಂದ.

ಹೋದ ವಾರ ಸಾಲದ ಬಳಕೆ ನೋಡಿ ಫೋಟೋ ತೆಗೆಯಲು ಒಬ್ಬರು ಬಂದರು. ನಾನು ಜಗಲಿಯ ಮೇಲೆ ಕಡಲೆಕಾಯಿ ಸುಲಿದು ತಿನ್ನುತ್ತ, ಪರದೆ ನೋಡುತ್ತ ಕೂತಿದ್ದೆ. ಬಂದವರು ಹಿತ್ತಿಲು, ಕೊಟ್ಟಿಗೆ ಎಲ್ಲ ಇಣುಕಿ ಬಂದು, "ಏನಮ್ಮಾ, ಕುರಿ ಎಲ್ಲೀ?" ಎಂದು ಕೇಳಿದರು.

ಅವಳು ಮಿಷನ್ ನಿಲ್ಲಿಸದೆ, ನೂಲು ಕಚ್ಚಿದ ಬಾಯಲ್ಲೇ ನನ್ನ ಕಡೆ ಗಲ್ಲ ತೋರಿಸಿದಳು.

"ಅಗಾ, ಅಲ್ಲಿ ಮೇಯ್ತಾ ಕೂತೈತಲ್ಲ ಸಾರ್."